ಕೌನ್ಸೆಲರ್ ಇಲ್ಲದ ಪ್ರೌಢಶಾಲೆಯಲ್ಲಿ ಮಕ್ಕಳ ಮನಸ್ಸಿಗೆ ಆಸರೆ: ಎಲ್ಲಿಂದ, ಹೇಗೆ ಶುರು ಮಾಡುವುದು?

ಎಂಟರಿಂದ ಹತ್ತನೇ ತರಗತಿವರೆಗಿನ ಮೂರು ವರ್ಷಗಳಲ್ಲಿ ಮಗುವಿನ ಮೈ, ಮನಸ್ಸು, ಗೆಳೆತನ, ಮನೆಯವರ ನಿರೀಕ್ಷೆ ಎಲ್ಲವೂ ಒಟ್ಟೊಟ್ಟಿಗೇ ಬದಲಾಗುತ್ತವೆ. ಆ ಮೂರು ವರ್ಷದ ತುದಿಯಲ್ಲಿ ಎಸ್‌ಎಸ್‌ಎಲ್‌ಸಿ ಬೇರೆ. ಆದರೆ ನಮ್ಮ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಪೂರ್ಣಾವಧಿ ಕೌನ್ಸೆಲರ್ ಸಿಗುವುದು ಅಪರೂಪ. ಇರುವ ಶಿಕ್ಷಕರೇ ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ ಎಲ್ಲ ನೋಡಿಕೊಂಡು, ನಡುವೆ ಅಳುವ ಮಗುವನ್ನೂ ಸಮಾಧಾನ ಮಾಡುತ್ತಾರೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹತೆ ಇರುವ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಬಾರದು. ಇದನ್ನು ಹಿಡಿದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಇಲಾಖೆಗೆ ಬರೆದು ಕೇಳಿ, ಕೇಳುತ್ತಲೇ ಇರಿ. ಆದರೆ ಹುದ್ದೆ ಮಂಜೂರಾಗುವವರೆಗೆ ಕಾಯುತ್ತಾ ಕೂರಬೇಡಿ. ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು, ಕೂತು ಮಾತಾಡಲು ಒಂದು ಜಾಗ, ಮುಂದೆ ಯಾರ ಹತ್ತಿರ ಕಳಿಸಬೇಕು ಅನ್ನುವ ದಾರಿ. ಈ ಮೂರಿದ್ದರೆ ಶಾಲೆ ಇವತ್ತೇ ಕೆಲಸ ಶುರು ಮಾಡಬಹುದು. ಶಿಕ್ಷಕರು ವೈದ್ಯರಾಗಬೇಕಿಲ್ಲ. ಮಗು ಹೇಳಿದ್ದನ್ನು ಕೇಳಿ, ಸರಿಯಾದ ಕೈಗೆ ಮುಟ್ಟಿಸಿದರೆ ಸಾಕು.

ಹೆಜ್ಜೆ 1: ಯಾರು ಕೇಳಿಸಿಕೊಳ್ಳುತ್ತಾರೆ ಎಂದು ತೀರ್ಮಾನಿಸಿ

ಸ್ಟಾಫ್ ಮೀಟಿಂಗಿನಲ್ಲಿ ಇಬ್ಬರ ಹೆಸರು ಗೊತ್ತು ಮಾಡಿ. ಒಬ್ಬರು ಮಹಿಳೆ ಆಗಿರಲೇಬೇಕು. ಸೀನಿಯಾರಿಟಿ ನೋಡಬೇಡಿ. ಮಕ್ಕಳು ಈಗಾಗಲೇ ಯಾರ ಹತ್ತಿರ ಹೋಗಿ ಮಾತಾಡುತ್ತಾರೆ ಅಂತ ನೋಡಿ. ಎಷ್ಟೋ ಶಾಲೆಗಳಲ್ಲಿ ಅದು ಪಿಇಟಿ ಸರ್ ಆಗಿರುತ್ತಾರೆ, ಇಲ್ಲ ಹೊಲಿಗೆ ಅಥವಾ ಚಿತ್ರಕಲೆಯ ಮೇಡಂ. ಆಟದ ಮೈದಾನದಲ್ಲಿ ಮಕ್ಕಳು ತರಗತಿಗಿಂತ ಜಾಸ್ತಿ ಬಾಯಿ ಬಿಡುತ್ತಾರೆ. ಬಿಸಿಯೂಟದ ಅಡುಗೆಯವರಿಗೂ ಹೇಳಿಡಿ. ಯಾವ ಮಗು ಎರಡು ದಿನದಿಂದ ತಟ್ಟೆ ಮುಟ್ಟಿಲ್ಲ ಅನ್ನುವುದು ಅವರ ಕಣ್ಣಿಗೇ ಮೊದಲು ಬೀಳುತ್ತದೆ.

ಒಂದು ಎಚ್ಚರ. ಶಿಸ್ತಿನ ಜವಾಬ್ದಾರಿ ಇರುವವರನ್ನು ಈ ಕೆಲಸಕ್ಕೆ ಹಾಕಬೇಡಿ. ಬೆಳಿಗ್ಗೆ ತಡವಾಗಿ ಬಂದದ್ದಕ್ಕೆ ಗೇಟಿನಲ್ಲಿ ನಿಲ್ಲಿಸಿ ಗದರಿದವರ ಹತ್ತಿರ ಮಧ್ಯಾಹ್ನ ಯಾವ ಮಗುವೂ ಮನೆಯ ಜಗಳ ಹೇಳಿಕೊಳ್ಳುವುದಿಲ್ಲ.

ಆಯ್ಕೆಯಾದವರಿಗೆ ವಾರದಲ್ಲಿ ಎರಡು ಪೀರಿಯಡ್ ಆದರೂ ಬಿಡುವು ಕೊಡಬೇಕು, ಅದು ವೇಳಾಪಟ್ಟಿಯಲ್ಲಿ ಕಾಣಬೇಕು. ಇದು ಮುಖ್ಯ ಶಿಕ್ಷಕರ ಕೈಯಲ್ಲಿದೆ. ಪಟ್ಟಿಯಲ್ಲಿ ಬರೆಯದಿದ್ದರೆ ಆ ಸಮಯ ಬದಲಿ ತರಗತಿಗೆ ಹೋಗುತ್ತದೆ. ಪ್ರತಿ ಸಲವೂ ಹೋಗುತ್ತದೆ.

ಹೆಜ್ಜೆ 2: ಜಾಗ ಮತ್ತು ಹೆಸರು

ಪ್ರತ್ಯೇಕ ಕೊಠಡಿ ಬೇಕೇ ಬೇಕು ಅಂತಿಲ್ಲ. ಗ್ರಂಥಾಲಯದ ಮೂಲೆ ಆಗಬಹುದು. ವಿಜ್ಞಾನ ಪ್ರಯೋಗಾಲಯ ಖಾಲಿ ಇರುವ ಹೊತ್ತು ಆಗಬಹುದು. ಹೊರಗಿನಿಂದ ಜನ ಕಾಣಬೇಕು, ಮಾತು ಕೇಳಬಾರದು. ಬಾಗಿಲು ಪೂರ್ತಿ ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಕೂರಬೇಡಿ. ಇದು ಮಗುವಿಗೂ ಕ್ಷೇಮ, ನಿಮಗೂ ಕ್ಷೇಮ. ಸ್ಟಾಫ್ ರೂಮ್ ಮಾತ್ರ ಬೇಡ. ಅಲ್ಲಿ ಅತ್ತ ಮಗುವಿನ ಕಥೆ ಸಂಜೆಯೊಳಗೆ ಊರು ಸೇರುತ್ತದೆ.

ಬಾಗಿಲ ಮೇಲೆ ‘ಆಪ್ತ ಸಮಾಲೋಚನಾ ಕೇಂದ್ರ’ ಅಂತ ಬೋರ್ಡ್ ಹಾಕಿದರೆ ಒಳಗೆ ಹೋಗುವ ಮಗುವಿಗೆ ಮುಜುಗರ. ‘ಕೌನ್ಸೆಲಿಂಗ್‌ಗೆ ಕರೆದರು’ ಅಂದರೆ ಏನೋ ತಪ್ಪು ಮಾಡಿದ್ದಾನೆ, ಇಲ್ಲ ತಲೆ ಕೆಟ್ಟಿದೆ ಅಂತ ಮಕ್ಕಳೇ ಆಡಿಕೊಳ್ಳುತ್ತಾರೆ. ಹೆಸರನ್ನು ಮಕ್ಕಳಿಂದಲೇ ಇಡಿಸಿ. ಜೊತೆಗೆ ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಎಂಟನೇ ತರಗತಿಯ ಎಲ್ಲ ಮಕ್ಕಳನ್ನೂ ನಾಲ್ಕೈದು ಮಂದಿಯ ಗುಂಪಿನಲ್ಲಿ ಅಲ್ಲಿಗೆ ಕರೆಸಿ, ಹತ್ತು ನಿಮಿಷ ಸುಮ್ನೆ ಮಾತಾಡಿಸಿ. ಯಾವ ಊರು, ಬಸ್ಸಿಗೆ ಬರುತ್ತಾರೋ ನಡೆದು ಬರುತ್ತಾರೋ, ಮನೆಯಲ್ಲಿ ಯಾರಿದ್ದಾರೆ, ಇಷ್ಟೇ. ಎಲ್ಲರೂ ಒಮ್ಮೆ ಹೋಗಿಬಂದ ಜಾಗಕ್ಕೆ ಮತ್ತೆ ಒಬ್ಬರೇ ಹೋಗುವುದು ಕಷ್ಟ ಅನಿಸುವುದಿಲ್ಲ. ಏಳನೇ ತರಗತಿವರೆಗೆ ಪಕ್ಕದ ಹಳ್ಳಿಯಲ್ಲಿ ಓದಿ ದೊಡ್ಡ ಶಾಲೆಗೆ ಬಂದ ಮಗು ಮೊದಲ ತಿಂಗಳಲ್ಲೇ ಒಂಟಿಯಾಗುತ್ತದೆ. ಹಾಗಾಗಿ ಈ ಕೆಲಸ ಆಗಸ್ಟ್‌ಗೆ ಮುಂದೂಡಬೇಡಿ.

ಒಂದು ಪೆಟ್ಟಿಗೆಯನ್ನೂ ಇಡಿ. ಬಹಳ ಶಾಲೆಗಳಲ್ಲಿ ಸಲಹಾ ಪೆಟ್ಟಿಗೆ ಈಗಾಗಲೇ ಇದೆ, ಆದರೆ ಅದು ಮುಖ್ಯ ಶಿಕ್ಷಕರ ಕೊಠಡಿಯ ಎದುರಿಗೇ ನೇತಾಡುತ್ತಿರುತ್ತದೆ. ಎಲ್ಲರ ಕಣ್ಣೆದುರು ಯಾರು ಚೀಟಿ ಹಾಕುತ್ತಾರೆ? ನೀರಿನ ಟ್ಯಾಂಕ್ ಹತ್ತಿರವೋ, ಹುಡುಗಿಯರ ಶೌಚಾಲಯಕ್ಕೆ ಹೋಗುವ ದಾರಿಯಲ್ಲೋ ಇಡಿ. ವಾರಕ್ಕೊಮ್ಮೆ ಇಬ್ಬರು ಸೇರಿ ತೆರೆಯಿರಿ. ಚೀಟಿಗೆ ಹೆಸರು ಬೇಡ ಅಂತ ಮೊದಲೇ ಹೇಳಿ. ಬಂದ ಚೀಟಿಗಳಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅನ್ನುವಂಥದ್ದಿದ್ದರೆ ಅದನ್ನು ಆ ವಾರವೇ ಸರಿಪಡಿಸಿ. ಚಿಲಕದ ಮಾತಿಗೆ ಬೆಲೆ ಸಿಕ್ಕಿದ್ದು ನೋಡಿದ ಮೇಲೆಯೇ ಮಗು ದೊಡ್ಡ ಮಾತು ಬರೆಯುತ್ತದೆ.

ಹೆಜ್ಜೆ 3: ಹಾಜರಿ ಪುಸ್ತಕವನ್ನು ಓದಲು ಕಲಿಯಿರಿ

ಕಷ್ಟದಲ್ಲಿರುವ ಮಗು ಬಂದು ‘ನನಗೆ ಕಷ್ಟ ಆಗುತ್ತಿದೆ’ ಅಂತ ಹೇಳುವುದು ಕಡಿಮೆ. ಹೊಟ್ಟೆನೋವು ಅನ್ನುತ್ತದೆ. ತಲೆನೋವು ಅನ್ನುತ್ತದೆ. ಪ್ರತಿ ಸೋಮವಾರ ಗೈರಾಗುತ್ತದೆ. ವಾರದ ಅದೇ ದಿನ, ಅದೇ ವಿಷಯದ ಕಿರುಪರೀಕ್ಷೆ ದಿನ, ಸಂಬಳದ ಮಾರನೇ ದಿನ, ಹೀಗೆ ಗೈರಿಗೂ ಒಂದು ಲಯ ಇರುತ್ತದೆ. ಅಪ್ಪ ಕುಡಿದು ಬಂದ ರಾತ್ರಿಯ ಮಾರನೇ ಬೆಳಿಗ್ಗೆ ಖಾಲಿ ಇರುವ ಬೆಂಚು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ, ನೋಡುವ ಕಣ್ಣಿರಬೇಕು. ತಿಂಗಳ ಕೊನೆಗೆ ಮೂರು ತರಗತಿಯ ಹಾಜರಿಯನ್ನು ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿ. ಯಾವ ಪ್ರಶ್ನಾವಳಿಗಿಂತಲೂ ಇದು ಹೆಚ್ಚು ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೂ ಕೆಲವು ಲಕ್ಷಣಗಳಿವೆ. ಚೆನ್ನಾಗಿ ಓದುತ್ತಿದ್ದ ಮಗುವಿನ ಅಂಕ ಒಮ್ಮೆಲೇ ಇಳಿಯುವುದು. ಜೀವದ ಗೆಳತಿಯರು ಬೇರೆ ಬೇರೆ ಕೂರುವುದು. ಬೇಸಿಗೆಯಲ್ಲೂ ತುಂಬು ತೋಳಿನ ಸ್ವೆಟರ್ ತೆಗೆಯದಿರುವುದು. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ‘ನಾನು ಇರಬಾರದಿತ್ತು’ ಅನ್ನುವಂಥ ಸಾಲು. ತನ್ನ ಇಷ್ಟದ ಪೆನ್ನು, ಬ್ಯಾಟ್ ಎಲ್ಲ ಯಾರಿಗೋ ಕೊಟ್ಟುಬಿಡುವುದು. ಕೊನೆಯ ಮೂರನ್ನು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಮಾತಾಡಿ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಕಡೆಯ ಶಾಲೆಗಳಿಗೆ ಇನ್ನೊಂದು ಮಾತು. ಅಪ್ಪ ಅಮ್ಮ ಗುಳೆ ಹೋದಾಗ ಅಜ್ಜಿ ಜೊತೆ ಉಳಿದ ಮಕ್ಕಳ ಪಟ್ಟಿ ಪ್ರತಿ ಶಾಲೆಯಲ್ಲೂ ಇರಬೇಕು. ಆ ಮಕ್ಕಳೇ ಅಡುಗೆ ಮಾಡಿ, ತಮ್ಮ ತಂಗಿಯರನ್ನು ನೋಡಿಕೊಂಡು ಶಾಲೆಗೆ ಬರುತ್ತಾರೆ. ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳುವ ಮೊದಲು ನಿನ್ನೆ ರಾತ್ರಿ ಊಟ ಆಯ್ತಾ ಅಂತ ಕೇಳಿ.

ಇಲ್ಲೇ ಇನ್ನೊಂದು ಗುಂಪಿನ ಮಕ್ಕಳ ಬಗ್ಗೆ ಹೇಳಬೇಕು. ಎಂಟನೇ ತರಗತಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಗುವನ್ನು ದಡ್ಡ ಅಂತ ಹಿಂದಿನ ಬೆಂಚಿಗೆ ಕಳಿಸಿಬಿಡುತ್ತೇವೆ. ಅದು ಡಿಸ್ಲೆಕ್ಸಿಯಾ ತರಹದ ಕಲಿಕಾ ನ್ಯೂನತೆ ಇರಬಹುದು. ಕಣ್ಣು ಕಾಣದೆ, ಕಿವಿ ಕೇಳದೆಯೂ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಇದನ್ನು ನೆನಪಿಸಿಕೊಂಡರೆ ಆಗುವುದಿಲ್ಲ. ಎಂಟರಲ್ಲೇ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗೆ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ ತೋರಿಸಿ. ವರ್ಷಗಟ್ಟಲೆ ಬೈಸಿಕೊಂಡ ಮಗುವಿಗೆ ‘ತಪ್ಪು ನಿನ್ನದಲ್ಲ’ ಅಂತ ಒಬ್ಬ ದೊಡ್ಡವರು ಹೇಳಿದಾಗ ಆ ಮುಖ ನೋಡಬೇಕು.

ಹೆಜ್ಜೆ 4: ಮೊದಲ ಮಾತುಕತೆ

ತರಗತಿಯ ಬಾಗಿಲಲ್ಲಿ ನಿಂತು ‘ಏಯ್, ನೀನು ಬಾ ಇಲ್ಲಿ’ ಅಂತ ಕರೆಯಬೇಡಿ. ಯಾವುದಾದರೂ ಸಣ್ಣ ಕೆಲಸದ ನೆಪ ಮಾಡಿ. ನಕ್ಷೆ ತಂದುಕೊಡು, ಪುಸ್ತಕ ಜೋಡಿಸಲು ಬಾ. ಕೈಗೆ ಕೆಲಸ ಇದ್ದಾಗ ಮಗುವಿನ ಮಾತು ಸಲೀಸು. ಎದುರುಬದುರು ಕೂತು ಮುಖ ನೋಡುವುದಕ್ಕಿಂತ ಪಕ್ಕದಲ್ಲಿ ಕೂರುವುದು ಒಳ್ಳೆಯದು.

ಮೊದಲು ನೀವು ಕಂಡದ್ದನ್ನು ಹೇಳಿ. ‘ಈ ವಾರ ಎರಡು ದಿನ ಊಟ ಬಿಟ್ಟೆ. ನೋಡಿದೆ. ಏನಾದರೂ ಆಗಿದೆಯಾ?’ ಅಷ್ಟು ಸಾಕು. ಆಮೇಲೆ ಸುಮ್ಮನಿರಿ. ಇದೇ ನಮಗೆ ಅತಿ ಕಷ್ಟದ ಭಾಗ. ನಾವು ಶಿಕ್ಷಕರು, ಮೌನ ಕಂಡರೆ ತುಂಬಿಸಲು ಹೊರಡುತ್ತೇವೆ. ಮಗು ಒಂದು ನಿಮಿಷ ಏನೂ ಹೇಳದಿದ್ದರೂ ಪರವಾಗಿಲ್ಲ. ಅಳು ಬಂದರೆ ಅಳಲಿ, ‘ಅಳಬೇಡ’ ಅನ್ನಬೇಡಿ, ನೀರು ಕೊಡಿ. ಹುಡುಗರಿಗೂ ಇದೇ. ‘ಗಂಡಸಾಗಿ ಅಳ್ತೀಯಾ’ ಅನ್ನುವ ಒಂದು ಮಾತು ಮುಂದಿನ ಹತ್ತು ವರ್ಷಕ್ಕೆ ಆ ಹುಡುಗನ ಬಾಯಿ ಮುಚ್ಚಿಸುತ್ತದೆ.

ಬುದ್ಧಿ ಹೇಳುವ ಆಸೆ ತಡೆದುಕೊಳ್ಳಿ. ‘ನಿಮ್ಮಪ್ಪ ಅಮ್ಮ ಎಷ್ಟು ಕಷ್ಟಪಡ್ತಾರೆ ಗೊತ್ತಾ?’ ಮಗುವಿಗೆ ಗೊತ್ತು. ಆ ಭಾರಕ್ಕೇ ಅದು ಕುಸಿದಿರುವುದು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’, ‘ಇಷ್ಟಕ್ಕೆಲ್ಲ ಯಾರಾದರೂ ಬೇಜಾರು ಮಾಡ್ಕೋತಾರಾ’, ‘ನಿನ್ನ ತಂಗಿ ನೋಡು ಹೇಗಿದ್ದಾಳೆ’, ಇವೆಲ್ಲ ಬೇಡ. ಬದಲಿಗೆ ಮಗು ಹೇಳಿದ್ದನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ‘ಅಂದರೆ, ಅಣ್ಣನ ಜೊತೆ ಹೋಲಿಸುತ್ತಾರೆ ಅಂತ ಮನೆಗೆ ಹೋಗಲು ಇಷ್ಟ ಇಲ್ಲ, ಅಲ್ವಾ?’ ತಪ್ಪಾಗಿದ್ದರೆ ಮಗುವೇ ತಿದ್ದುತ್ತದೆ. ತಿದ್ದಿತು ಅಂದರೆ ಮಾತು ಶುರುವಾಯಿತು ಅಂತ ಲೆಕ್ಕ.

ಪ್ರೀತಿ ಪ್ರೇಮದ ವಿಷಯ ಬಂದರೆ ಗಾಬರಿ ಆಗಬೇಡಿ, ಗದರಬೇಡಿ. ಆ ವಯಸ್ಸಿಗೆ ಅದು ಸಹಜ. ಪತ್ರವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಓದಿಸಿದ ಶಾಲೆಗಳ ಬಗ್ಗೆ ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಅವಮಾನ ತಡೆಯಲಾರದೆ ಶಾಲೆ ಬಿಟ್ಟ ಹುಡುಗಿಯನ್ನು ಮತ್ತೆ ಕರೆತರುವುದು ಬಹಳ ಕಷ್ಟ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಸ್ಪಷ್ಟವಾಗಿಯೇ ಹೇಳಿದೆ. ಎಲ್ಲರೆದುರು ಮಾನ ಕಳೆಯುವುದೂ ಮಾನಸಿಕ ಕಿರುಕುಳವೇ.

ಮಾತು ಮುಗಿಸುವಾಗ ಒಂದು ಚಿಕ್ಕ ಗುರಿ ಇಟ್ಟುಕೊಳ್ಳಿ. ಮುಂದೆ ಯಾವತ್ತು ಮತ್ತೆ ಸಿಗುತ್ತೀರಿ, ಅಷ್ಟರೊಳಗೆ ಯಾವ ಒಂದು ವಿಷಯ ಸ್ವಲ್ಪ ಹಗುರ ಆಗಬೇಕು. ಆ ದಿನ ತಪ್ಪದೆ ಸಿಗಿ. ನಿಮಗೆ ರಜೆ ಬಂದರೆ ಮೊದಲೇ ತಿಳಿಸಿ.

ಹೆಜ್ಜೆ 5: ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ

ಮಗು ಮೊದಲು ಕೇಳುವುದೇ ಇದು. ‘ಮಿಸ್, ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ.’ ಆಸೆ ಆಗುತ್ತದೆ, ಆಣೆ ಇಟ್ಟುಬಿಡುತ್ತೇವೆ. ಆಮೇಲೆ ಮುರಿಯಬೇಕಾಗಿ ಬಂದಾಗ ಮಗುವಿನ ನಂಬಿಕೆ ಪೂರ್ತಿ ಹೋಗುತ್ತದೆ. ಹೀಗೆ ಹೇಳಿ: ‘ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಇದೆ, ಅಥವಾ ನಿನಗೆ ಯಾರೋ ತೊಂದರೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಸಹಾಯ ಮಾಡಬಲ್ಲ ಒಂದಿಬ್ಬರಿಗೆ ಹೇಳಲೇಬೇಕು. ಯಾರಿಗೆ ಹೇಳುತ್ತೇನೆ ಅಂತ ನಿನಗೆ ಮೊದಲು ತಿಳಿಸುತ್ತೇನೆ.’ ಇಷ್ಟು ಹೇಳಿದ ಮೇಲೂ ಬಹಳ ಮಕ್ಕಳು ಹೇಳುತ್ತಾರೆ. ನಿಜ ಹೇಳಿದವರನ್ನು ಅವರು ನಂಬುತ್ತಾರೆ.

ಸ್ಟಾಫ್ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು ಬರಬಾರದು. ಸಹೋದ್ಯೋಗಿಗಳಿಗೆ ‘ಆ ಮಗುವಿಗೆ ಈ ವಾರ ಸ್ವಲ್ಪ ರಿಯಾಯಿತಿ ಕೊಡಿ’ ಅಂದರೆ ಸಾಕು. ಕಾರಣ ಬೇಕಿಲ್ಲ.

ಹೆಜ್ಜೆ 6: ಸಾಯುವ ಮಾತು ಬಂದಾಗ

ಇದನ್ನು ನಿಧಾನವಾಗಿ ಓದಿ, ಸಾಧ್ಯವಾದರೆ ಸ್ಟಾಫ್ ಮೀಟಿಂಗಿನಲ್ಲಿ ಜೋರಾಗಿ ಓದಿ.

ಅನುಮಾನ ಬಂದರೆ ನೇರವಾಗಿ ಕೇಳಿ. ‘ಸತ್ತುಹೋಗಬೇಕು ಅಂತ ಅನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ಹಾಗೆ ಆಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಮಗುವಿಗೆ ಉಸಿರು ಬಂದಂತಾಗುತ್ತದೆ. ಹೌದು ಅಂದರೆ ಮುಂದಿನ ಪ್ರಶ್ನೆ: ‘ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ದೀಯಾ?’ ಯೋಜನೆ ಇದೆ ಅಂದರೆ ಅಪಾಯ ಜಾಸ್ತಿ. ಯೋಜನೆ ಇಲ್ಲ ಅಂದರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ‘ಸುಮ್ನೆ ಹೆದರಿಸ್ತಿದ್ದಾನೆ’ ಅನ್ನುವ ಮಾತು ಶಾಲೆಯಲ್ಲಿ ಯಾರ ಬಾಯಲ್ಲೂ ಬರಬಾರದು.

ಆ ಕ್ಷಣದಿಂದ ಮಗುವನ್ನು ಒಂಟಿಯಾಗಿ ಬಿಡಬೇಡಿ. ಶೌಚಾಲಯಕ್ಕೆ ಹೋದರೂ ಹೊರಗೆ ಒಬ್ಬರು ನಿಲ್ಲಲಿ. ಇನ್ನೊಬ್ಬರು ಮುಖ್ಯ ಶಿಕ್ಷಕರಿಗೆ ತಿಳಿಸಿ, ಮನೆಯವರನ್ನು ಶಾಲೆಗೆ ಕರೆಸಲಿ. ಫೋನಿನಲ್ಲಿ ಎಲ್ಲ ಹೇಳಬೇಡಿ, ‘ಮಗು ಕ್ಷೇಮವಾಗಿದೆ, ನೀವು ಈಗಲೇ ಬರಬೇಕು’ ಅಂತಷ್ಟೇ ಹೇಳಿ. ಮಗುವನ್ನು ಒಬ್ಬನೇ ಬಸ್ಸು ಹತ್ತಿಸಿ ಕಳಿಸುವುದು ಖಂಡಿತ ಬೇಡ. ಮನೆಯವರು ಬರುವವರೆಗೆ ಟೆಲಿ ಮಾನಸ್‌ನ 14416ಕ್ಕೆ ನೀವೇ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ದೇಶಕ್ಕೆಲ್ಲ ಇದರ ಮಾರ್ಗದರ್ಶನ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಮಗುವೇ ಮಾತಾಡಬೇಕು ಅಂತಿಲ್ಲ, ಏನು ಮಾಡಬೇಕು ಅಂತ ಶಿಕ್ಷಕರೂ ಕೇಳಬಹುದು. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ಫೋನಿನಲ್ಲಿ ಸಮಯ ಕಳೆಯಬೇಡಿ, 108 ಆಂಬ್ಯುಲೆನ್ಸ್ ಕರೆಸಿ ನೇರ ಆಸ್ಪತ್ರೆಗೆ.

ಮನೆಯವರು ಬಂದಾಗ ಮಗುವಿನ ಎದುರೇ ಬೈಯಲು ಶುರು ಮಾಡಬಹುದು. ಅದಕ್ಕೆ ಮೊದಲು ಅವರನ್ನು ಬೇರೆ ಕೂರಿಸಿ ಮಾತಾಡಿ. ಮೂರು ವಿಷಯ ಹೇಳಿ. ಮುಂದಿನ ಕೆಲವು ದಿನ ಮಗು ಒಂಟಿಯಾಗಿ ಮಲಗಬಾರದು. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿ ಇಡಬೇಕು, ಸಾಧ್ಯವಾದರೆ ಮನೆಯಿಂದಲೇ ಹೊರಗೆ ಸಾಗಿಸಬೇಕು. ರೈತರ ಮನೆಗಳಲ್ಲಿ ಈ ಒಂದು ಕೆಲಸ ಜೀವ ಉಳಿಸುತ್ತದೆ. ಮೂರನೆಯದು, ಅವತ್ತೋ ಮಾರನೇ ದಿನವೋ ವೈದ್ಯರನ್ನು ಕಾಣಬೇಕು. ‘ಪೊಲೀಸ್ ಕೇಸ್ ಆಗುತ್ತಾ’ ಅಂತ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಮಗು ವಾಪಸ್ ಶಾಲೆಗೆ ಬಂದ ದಿನ ಎಲ್ಲರೂ ಸುತ್ತ ಸೇರಿ ವಿಚಾರಿಸುವುದು ಬೇಡ. ಒಬ್ಬ ಗೆಳೆಯನ ಪಕ್ಕ ಜಾಗ, ಬಾಕಿ ಹೋಂವರ್ಕ್‌ಗೆ ವಿನಾಯಿತಿ, ದಿನಕ್ಕೊಮ್ಮೆ ನಿಮ್ಮ ಒಂದು ನೋಟ. ಅಷ್ಟು ಸಾಕು.

ಹೆಜ್ಜೆ 7: ಕಾನೂನು ನಿಮ್ಮ ಮೇಲೆ ಹೊರಿಸಿದ ಕೆಲಸಗಳು

18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು. ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ‘ಶಾಲೆಯ ಹೆಸರು ಕೆಡುತ್ತದೆ’, ‘ಊರ ಹಿರಿಯರು ಕೂತು ಬಗೆಹರಿಸುತ್ತಾರೆ’, ‘ಮನೆಯವರಿಗೇ ಬೇಡವಂತೆ’ ಯಾವುದೂ ನೆಪ ಆಗುವುದಿಲ್ಲ. ಹುಡುಗಿ ಒಪ್ಪಿದ್ದಳು ಅನ್ನುವ ವಾದವೂ ಈ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ನೀವು ತನಿಖೆ ಮಾಡಬೇಡಿ. ಏನಾಯಿತು, ಎಷ್ಟು ಸಲ, ಎಲ್ಲಿ ಅಂತ ಕೆದಕಿ ಕೇಳಬೇಡಿ, ಮಗುವಿನಿಂದ ಬರೆಸಿಕೊಳ್ಳಬೇಡಿ, ಆರೋಪಿಯನ್ನು ಎದುರು ನಿಲ್ಲಿಸಬೇಡಿ. ಮಗು ತಾನಾಗಿ ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಡಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಅನ್ನಿ. ಮನೆಯವರು ಠಾಣೆ ಅಂದರೆ ಹೆದರುತ್ತಾರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಅವರು ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇವೆಲ್ಲ ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಇದೆ ಅಂತ ಹೇಳಿದರೆ ಅವರಿಗೂ ಧೈರ್ಯ ಬರುತ್ತದೆ.

ಬಾಲ್ಯವಿವಾಹದ ಸುಳಿವು ಸಾಮಾನ್ಯವಾಗಿ ಗೆಳತಿಯರಿಂದ ಬರುತ್ತದೆ. ‘ಮಿಸ್, ಅವಳಿಗೆ ಗಂಡು ನೋಡ್ತಿದಾರೆ.’ ಬೇಸಿಗೆ ರಜೆ ಹತ್ತಿರ ಬಂದಾಗ ಕಿವಿ ಚುರುಕಾಗಿರಲಿ. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು. ಬಾಲ್ಯವಿವಾಹ ನಿಷೇಧಾಧಿಕಾರಿಯೂ ಆಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಬಹುದು. ಮದುವೆ ನಡೆಯುವ ಮೊದಲೇ ನ್ಯಾಯಾಲಯದಿಂದ ತಡೆಯಾಜ್ಞೆ ತರುವ ದಾರಿ 2006ರ ಕಾಯ್ದೆಯಲ್ಲಿದೆ. ಕರ್ನಾಟಕವಂತೂ ತನ್ನ ತಿದ್ದುಪಡಿಯ ಮೂಲಕ ಬಾಲ್ಯವಿವಾಹಗಳನ್ನು ಅಸಿಂಧು ಮಾಡಿದೆ, ನಡೆದರೂ ಅದು ಮದುವೆಯೇ ಅಲ್ಲ. ಸುಳಿವು ಕೊಟ್ಟ ಗೆಳತಿಯ ಹೆಸರು ಮಾತ್ರ ಯಾವ ಕಾರಣಕ್ಕೂ ಹೊರಬರಬಾರದು.

ಹೆಜ್ಜೆ 8: ಎಲ್ಲಿಗೆ ಕಳಿಸಬೇಕು? ಮೊದಲೇ ಹೋಗಿ ನೋಡಿಬನ್ನಿ

ಒಂದು ಮಧ್ಯಾಹ್ನ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಬರುತ್ತದೆ ಅಂತ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಮಂಗಳವಾರ. ಯಾವ ಮಂಗಳವಾರ, ಯಾವ ಕೊಠಡಿ, ಯಾರನ್ನು ಕೇಳಬೇಕು ಅಂತ ಬರೆದುಕೊಳ್ಳಿ. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಎಲ್ಲಿದೆ ಅಂತಲೂ ಕೇಳಿ. ಮುಟ್ಟಿನ ತೊಂದರೆ, ರಕ್ತಹೀನತೆ, ಮೈಯ ಬದಲಾವಣೆಯ ಆತಂಕ, ಇಂಥದ್ದಕ್ಕೆ ಅದು ಒಳ್ಳೆಯ ಜಾಗ. ದಣಿವು, ಮಂಕು ಅಂತ ನಾವು ಮನಸ್ಸಿನ ಲೆಕ್ಕಕ್ಕೆ ಹಾಕುವುದು ಎಷ್ಟೋ ಸಲ ರಕ್ತ ಕಡಿಮೆ ಇರುವುದು ಅಷ್ಟೇ. ಉತ್ತರ ಕರ್ನಾಟಕದವರಿಗೆ ದೊಡ್ಡ ಆಸ್ಪತ್ರೆ ಬೇಕಾದಾಗ ಧಾರವಾಡದ ಡಿಮ್ಹಾನ್ಸ್ ಇದೆ, ದಕ್ಷಿಣದವರಿಗೆ ನಿಮ್ಹಾನ್ಸ್‌ನಲ್ಲಿ ಮಕ್ಕಳದ್ದೇ ವಿಭಾಗ ಇದೆ.

ಚೀಟಿ ಬರೆದು ಕೈಗೆ ಕೊಟ್ಟರೆ ಹತ್ತರಲ್ಲಿ ಒಂದು ಮನೆಯವರೂ ಹೋಗಲಿಕ್ಕಿಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ಊರವರ ಕಣ್ಣು, ಎಲ್ಲ ಅಡ್ಡ ಬರುತ್ತವೆ. ಮೊದಲ ಸಲ ಯಾರಾದರೂ ಜೊತೆಗೆ ಹೋಗಿ. ನಿಮಗೆ ಆಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ‘ಹುಚ್ಚಾಸ್ಪತ್ರೆಗೆ ಕಳಿಸ್ತೀರಾ’ ಅಂತ ಮನೆಯವರು ಸಿಟ್ಟಾದರೆ ನಿದ್ದೆಯಿಂದ ಮಾತು ಶುರು ಮಾಡಿ. ‘ಮಗು ನಿದ್ದೆ ಮಾಡ್ತಿಲ್ಲ, ಊಟ ಸೇರ್ತಿಲ್ಲ, ಒಂದು ಸಲ ಡಾಕ್ಟರಿಗೆ ತೋರಿಸೋಣ.’ ಇದು ಸುಳ್ಳಲ್ಲ, ಅವರಿಗೂ ಕಣ್ಣಿಗೆ ಕಾಣುವ ವಿಷಯ.

ಹೆಜ್ಜೆ 9: ದಾಖಲೆ ಮತ್ತು ವರ್ಗಾವಣೆ

ಒಂದು ನೋಟ್‌ಬುಕ್ ಸಾಕು. ಹೆಸರಿನ ಬದಲು ಸಂಖ್ಯೆ, ದಿನಾಂಕ, ಎರಡು ಸಾಲು, ಮುಂದೆ ಏನು. ಬೀಗ ಇರುವ ಕಪಾಟಿನಲ್ಲಿ ಇಡಿ. ವರ್ಗಾವಣೆ ಆದಾಗ ಬಂದವರಿಗೆ ಕೈಯಾರೆ ಒಪ್ಪಿಸಿ, ಮಾತುಕತೆ ನಡೆಯುತ್ತಿರುವ ಮಕ್ಕಳಿಗೆ ಹೊಸಬರನ್ನು ನೀವೇ ಪರಿಚಯ ಮಾಡಿಸಿ. ಇಲ್ಲದಿದ್ದರೆ ಆ ಮಗುವಿನ ಪಾಲಿಗೆ ಇನ್ನೊಬ್ಬರು ಬಿಟ್ಟುಹೋದಂತೆ ಆಗುತ್ತದೆ.

ಕೇಳಿಸಿಕೊಳ್ಳುವವರಿಗೂ ಆಯಾಸ ಆಗುತ್ತದೆ. ಇಬ್ಬರು ಇರಲಿ ಅಂದದ್ದು ಅದಕ್ಕೂ ಹೌದು. ರಾತ್ರಿ ನಿದ್ದೆ ಬಾರದಂಥ ಕಥೆ ಕೇಳಿದ್ದರೆ 14416 ನಿಮಗೂ ಇದೆ.

ಹೆಜ್ಜೆ 10: ಪರೀಕ್ಷೆ ಮತ್ತು ಫಲಿತಾಂಶದ ದಿನ

ಡಿಸೆಂಬರ್‌ನಿಂದ ಹತ್ತನೇ ತರಗತಿಯವರಿಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಓದು, ರಾತ್ರಿ ಶಿಕ್ಷಕರ ಫೋನು. ಉದ್ದೇಶ ಒಳ್ಳೆಯದೇ. ಆದರೆ ನಿದ್ದೆ ಕಿತ್ತುಕೊಂಡು ಓದಿಸಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ವಾರಕ್ಕೆ ಒಂದು ಆಟದ ಪೀರಿಯಡ್ಡನ್ನು ಮಾರ್ಚ್‌ವರೆಗೂ ಉಳಿಸಿ. ಅಂಕದ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ.

ಎಸ್‌ಎಸ್‌ಎಲ್‌ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಅಂಕ ಬರದಿದ್ದರೆ ಪರೀಕ್ಷೆ-2 ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದು ಶಿಕ್ಷಕರಿಗೆ ಗೊತ್ತು, ಮಕ್ಕಳಿಗೂ ಗೊತ್ತು. ಮನೆಯಲ್ಲಿ ಗೊತ್ತಿಲ್ಲ. ‘ಫೇಲ್ ಆದರೆ ಒಂದು ವರ್ಷ ಹೋಯಿತು’ ಅಂತಲೇ ಬಹಳ ತಂದೆ ತಾಯಂದಿರು ನಂಬಿದ್ದಾರೆ. ಫೆಬ್ರವರಿಯ ಪೋಷಕರ ಸಭೆಯಲ್ಲಿ ಬೇರೆ ಎಲ್ಲ ಬಿಟ್ಟರೂ ಇದನ್ನು ಹೇಳಿ. ಐಟಿಐ, ಡಿಪ್ಲೊಮಾ ದಾರಿಗಳ ಬಗ್ಗೆಯೂ ಅದೇ ಸಭೆಯಲ್ಲಿ ಮಾತಾಡಿ. ಸೋತವರಿಗೆ ಕೊಡುವ ಸಮಾಧಾನದಂತೆ ಹೇಳಬೇಡಿ, ಪಿಯುಸಿಯಷ್ಟೇ ಗೌರವದಿಂದ ಹೇಳಿ.

ಫಲಿತಾಂಶಕ್ಕೆ ಒಂದು ವಾರ ಮೊದಲೇ ಪಟ್ಟಿ ಮಾಡಿ. ಫೇಲ್ ಆಗಬಹುದಾದವರಷ್ಟೇ ಸಾಲದು. ಜಿಲ್ಲೆಗೇ ಮೊದಲು ಬರುತ್ತಾನೆ ಅಂತ ಮನೆಯವರು ಊರಿಗೆಲ್ಲ ಹೇಳಿಕೊಂಡ ಹುಡುಗನ ಹೆಸರೂ ಇರಲಿ. ಪ್ರತಿ ಶಿಕ್ಷಕರಿಗೆ ಐದಾರು ಮನೆ ಹಂಚಿ. ಫಲಿತಾಂಶ ಬಂದ ಬೆಳಿಗ್ಗೆ ಆ ಮನೆಗಳಿಗೆ ಮೊದಲು ಫೋನ್ ಹೋಗಬೇಕು, ಶಾಲೆಯ ಶೇಕಡಾವಾರು ಲೆಕ್ಕ ಆಮೇಲೆ. ಮಗುವಿನ ಜೊತೆಯೇ ಮಾತಾಡಿ, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿ. ಯಾರೂ ಇಲ್ಲ ಅಂದರೆ, ಫೋನ್ ಎತ್ತದಿದ್ದರೆ, ಪಕ್ಕದ ಮನೆಗೆ ಫೋನ್ ಮಾಡಿ, ಇಲ್ಲ ಬೈಕ್ ಹತ್ತಿ ಹೋಗಿ. ಪರೀಕ್ಷೆ-2ಕ್ಕೆ ಹೆಸರು ಕೊಡಲು ಮಾರನೇ ದಿನ ಬೆಳಿಗ್ಗೆಯೇ ಶಾಲೆಗೆ ಬಾ ಅಂತ ಸಮಯ ಕೊಡಿ. ಬೇಸಿಗೆ ರಜೆ ಇದ್ದರೂ ಆ ದಿನ ಇಬ್ಬರು ಶಿಕ್ಷಕರು ಶಾಲೆಯ ಬಾಗಿಲು ತೆರೆದು ಕೂತಿರಬೇಕು.